ಹದ್ದಿನ ಪಾಲಿಗೆ ಎಂಟು ಪುರಿ

ಅರ್ಜೂ ಮಿಸ್ಸು ಶಾಲೆಗೆ ಒಂದು ಮೂಟೆ ಪುರಿ ತಂದದ್ದೇ ಎಡವಟ್ಟಾಯಿತು.

ಎರಡು ಸಾವಿರದ ಮೂರನೇ ಇಸವಿಯ ಮಾತು. ಸಿ.ಎಸ್. ಪುರದಾಚೆಯ ಆ ಹಳ್ಳಿ ಶಾಲೆಗೆ ಅವಳು ತುಮಕೂರಿನ ಶಿರಾ ಗೇಟಿನಿಂದ ದಿನಾ ಎರಡು ಬಸ್ಸು ಹತ್ತಿಳಿದು ಬರುತ್ತಿದ್ದಳು. ತುಮಕೂರಿಗೆ ವರ್ಗ ಮಾಡಿಕೊಡಿ ಎಂದು ಮೂರು ವರ್ಷದಿಂದ ಅರ್ಜಿ ಕೊಡುತ್ತಲೇ ಇದ್ದಳು. ಅವಳಮ್ಮ ಕುಲ್ಸುಂ ಬೀ ದರ್ಗಾಕ್ಕೆ ಹರಕೆ ಕಟ್ಟಿಕೊಂಡದ್ದೂ ಆಗಿತ್ತು. ಆವತ್ತು ಮಧ್ಯಾಹ್ನ ಗುಬ್ಬಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ತನಿಖೆಗೆ ಬರುವವರಿದ್ದರು. ಪಾಠ ನೋಡಿ ಖುಷಿಯಾದರೆ ಅರ್ಜಿಗೆ ಕಾಲು ಬರುತ್ತದೆ ಎಂದು ಲೆಕ್ಕ ಹಾಕಿ, ಆಹಾರ ಸರಪಳಿಯ ಪಾಠವನ್ನು ಬೆಳಿಗ್ಗೆಯೇ ಒಮ್ಮೆ ಆಡಿಸಿ ನೋಡಲು ಹೊರಟಳು.

ಆಟ ಸುಲಭವಿತ್ತು. ಹತ್ತು ಮಕ್ಕಳು ಹುಲ್ಲು. ನಾಲ್ವರು ಮಿಡತೆ, ಇಬ್ಬರು ಕಪ್ಪೆ, ಒಬ್ಬ ಹಾವು, ಕೊನೆಗೊಂದು ಹದ್ದು. ಪುರಿಯೇ ಸೂರ್ಯನ ಶಕ್ತಿ. ಪ್ರತಿಯೊಬ್ಬರೂ ತಮಗೆ ಬಂದದ್ದರಲ್ಲಿ ಒಂಬತ್ತು ಪಾಲು ಬದುಕುವುದಕ್ಕೆಂದು ತಿಂದು, ಹತ್ತರಲ್ಲಿ ಒಂದು ಪಾಲು ಮಾತ್ರ ಮುಂದಿನವರಿಗೆ ದಾಟಿಸಬೇಕು. ಹದ್ದು ನಾನೇ ಆಗಬೇಕೆಂದು ಶಾಲಾ ಸಮಿತಿ ಅಧ್ಯಕ್ಷ ಶಿವರಾಮಯ್ಯನವರ ಮೊಮ್ಮಗಳು ಮಂಜುಶ್ರೀ ಹಟ ಹಿಡಿದಳು. ಎಲ್ಲರಿಗಿಂತ ಮೇಲೆ ಹಾರುವ ಹಕ್ಕಿ, ಎಲ್ಲರಿಗಿಂತ ಹೆಚ್ಚು ಸಿಗುತ್ತದೆ ಎಂದು ಅವಳ ಎಣಿಕೆ.

ಹುಲ್ಲಿಗೆ ನೂರು ಲೋಟ ಪುರಿ ಬಂತು. ಹುಲ್ಲು ತಿಂದದ್ದೇ ತಿಂದದ್ದು, ಮದುವೆ ಮನೆಗೆ ನುಗ್ಗಿದ ಕೋತಿಗಳ ಹಾಗೆ. ಮಿಡತೆಗೆ ಹತ್ತು ಲೋಟ, ಕಪ್ಪೆಗೆ ಒಂದೇ ಲೋಟ, ಹಾವಿಗೆ ಒಂದು ಹಿಡಿ. ಹಾವಿನವನು ಎಣಿಸಿ ಎಣಿಸಿ ಹದ್ದಿನ ಅಂಗೈಗೆ ಎಂಟು ಪುರಿ ಹಾಕಿದ. ಹದ್ದು ಒಮ್ಮೆ ಅಂಗೈ ನೋಡಿಕೊಂಡಿತು, ಒಮ್ಮೆ ಹೊಟ್ಟೆ ಬಿರಿಯುವಂತೆ ಮೇಯ್ದು ಕೂತ ಹುಲ್ಲನ್ನು ನೋಡಿತು, ಭೋರೆಂದು ಅಳುತ್ತಾ ಮನೆಗೆ ಓಡಿತು.

ಸುದ್ದಿ ಊರೊಳಗೆ ಹೋಗುವಷ್ಟರಲ್ಲಿ ಬೆಳೆದುಬಿಟ್ಟಿತ್ತು. ಮಿಸ್ಸು ಮಕ್ಕಳಲ್ಲಿ ಭೇದ ಮಾಡುತ್ತಾರಂತೆ, ಕೂಲಿ ಸಿದ್ದಯ್ಯನ ಮಗನಿಗೆ ಮೊರದ ತುಂಬ, ಅಧ್ಯಕ್ಷರ ಮೊಮ್ಮಗಳಿಗೆ ಉಪವಾಸವಂತೆ. ಮೊದಲು ಬಂದವರು, ಮಂಜುಶ್ರೀಯ ಕೈ ಹಿಡಿದುಕೊಂಡು, ಅವಳ ಅಜ್ಜಿ ರಂಗಲಕ್ಷ್ಮಮ್ಮ. ಹಿಂದೆ ಶಿವರಾಮಯ್ಯ, ಅವರ ಹಿಂದೆ ಅರ್ಧ ಊರು.

"ನಮ್ಮ ಮಗೀಗೆ ಎಂಟೇ ಪುರಿ ಕೊಟ್ಟಿದೀರಲ್ಲ ಮೇಡಮ್ಮೋರೆ, ಅದೇನು ಕೋಳಿಮರೀನಾ?" ಎಂದರು ರಂಗಲಕ್ಷ್ಮಮ್ಮ.

ಅರ್ಜೂ ಶಕ್ತಿ ದಾಟುವ ಬಗೆಯನ್ನು ವಿವರಿಸಲು ಹೋದಳು. ಶಕ್ತಿ ಇಲ್ಲದಿರುವುದಕ್ಕೇ ಮಗು ಅಳುತ್ತಿರುವುದು ಎಂದು ಅವರು ಬಾಯಿ ಮುಚ್ಚಿಸಿದರು. ಹೋಟೆಲ್ ವೆಂಕಟರಂಗಯ್ಯ ಜಗಲಿಯ ಮೇಲೆ ಕೂತು ಅರ್ಜಿಯನ್ನೇ ಬರೆದುಬಿಟ್ಟ. ಈ ಮಿಸ್ಸನ್ನು ಕೂಡಲೇ ಬೇರೆ ಕಡೆಗೆ ಕಳಿಸಬೇಕು, ಇಲ್ಲವಾದರೆ ಶಾಲೆಗೆ ಬೀಗ.

ಅದನ್ನು ಓದಿದ ಅರ್ಜೂ ಹೆದರಲಿಲ್ಲ, ಒಳಗೊಳಗೇ ಹಿಗ್ಗಿದಳು. ಮೂರು ವರ್ಷ ತಾನೊಬ್ಬಳೇ ಬೇಡಿದ್ದನ್ನು ಈಗ ಊರಿಗೆ ಊರೇ ಬೇಡುತ್ತಿದೆ. ವೆಂಕಟರಂಗಯ್ಯ 'ವರ್ಗಾವಣೆ'ಯನ್ನು 'ವರ್ಗವಣಿಗೆ' ಎಂದು ಬರೆದಿದ್ದ. ಇಷ್ಟು ಒಳ್ಳೆಯ ಅರ್ಜಿ ಕಾಗುಣಿತದಿಂದ ಕೆಡಬಾರದೆಂದು ಅವಳು ಕೆಂಪು ಪೆನ್ನು ತೆಗೆದು ತಿದ್ದಿದಳು. ಸಹಿ ಹಾಕುವವರಿಗೆ ಜಾಗ ಎಲ್ಲಿ ಎಂದು ತೋರಿಸಿಯೂ ಕೊಟ್ಟಳು. ಊರವರು ಮುಖ ಮುಖ ನೋಡಿಕೊಂಡರು.

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಅರ್ಜಿ ಓದಿದರು, ಮೂಟೆ ನೋಡಿದರು, ಅತ್ತು ಕೆಂಪಾಗಿದ್ದ ಮಂಜುಶ್ರೀಯನ್ನು ಹತ್ತಿರ ಕರೆದು, ನಿನಗೆ ಎಂಟೇ ಪುರಿ ಯಾಕೆ ಬಂತಮ್ಮ ಎಂದು ಕೇಳಿದರು. ಅವಳು ಅಳಲಿ, ಜೋರಾಗಿ ಅಳಲಿ ಎಂದು ಅರ್ಜೂ ಮನಸ್ಸಿನಲ್ಲೇ ಬೇಡಿಕೊಂಡಳು.

ಮಂಜುಶ್ರೀ ಮೂಗು ಒರೆಸಿಕೊಂಡಳು. "ಹುಲ್ಲು ಬೆಳೆಯಕ್ಕೆ ಖರ್ಚು ಮಾಡ್ಕೊಂತು ಸಾರ್. ಮಿಡತೆ ನೆಗೆಯಕ್ಕೆ, ಕಪ್ಪೆ ವಟಗುಟ್ಟಕ್ಕೆ, ಹಾವು ಹರಿದಾಡಕ್ಕೆ. ಉಳಿದಿದ್ದು ನಂಗೆ ಬಂತು. ಅದಕ್ಕೇ ಹುಲ್ಲು ಜಾಸ್ತಿ ಇರ್ತದೆ, ಹದ್ದು ಕಮ್ಮಿ ಇರ್ತದೆ. ಹುಲ್ಲೇ ಹೋದ್ರೆ ನಂಗೆ ಈ ಎಂಟೂ ಇಲ್ಲ."

ಮೂರನೇ ಮಗ್ಗಿಗೇ ತೊದಲುತ್ತಿದ್ದ ಮೊಮ್ಮಗಳು ಸಾಹೇಬರ ಮುಂದೆ ಹೀಗೆ ಮಾತಾಡಿದ್ದನ್ನು ಕೇಳಿ ಶಿವರಾಮಯ್ಯನವರ ಕಣ್ಣು ಒದ್ದೆಯಾಯಿತು. ಅವರು ಸಾಹೇಬರ ಕೈಯಿಂದ ಅರ್ಜಿಯನ್ನು ಇಸಿದುಕೊಂಡು ಪರಪರನೆ ಹರಿದರು. ಇಂಥ ಮಿಸ್ಸನ್ನು ಕಳಿಸಿದರೆ ಆಗ ಖಂಡಿತ ಶಾಲೆಗೆ ಬೀಗ ಎಂದರು. ಊರೆಲ್ಲ ಹೌದು ಹೌದು ಎಂದಿತು.

ಸಾಹೇಬರು ನಗುತ್ತಾ ಚೀಲದಿಂದ ಒಂದು ಕಾಗದ ತೆಗೆದರು. "ನೋಡಿಮ್ಮ, ನಿಮ್ಮನ್ನ ತುಮಕೂರಿಗೆ ಕಳ್ಸೋದಕ್ಕೆ ಇವತ್ತು ಶಿಫಾರಸು ಬರೆದುಕೊಂಡೇ ಬಂದಿದ್ದೆ. ಇಷ್ಟು ಪ್ರೀತಿ ಇರೋ ಊರಿಂದ ನಿಮ್ಮನ್ನ ಕಿತ್ಕೊಂಡು ಹೋದ್ರೆ ಪಾಪ ಬರುತ್ತೆ." ಕಾಗದವನ್ನು ನಾಲ್ಕಾಗಿ ಮಡಿಚಿ ಜೇಬಿಗೆ ಹಾಕಿಕೊಂಡು ಜೀಪು ಹತ್ತಿದರು.

ಅರ್ಜೂ ಜೀಪಿನ ಧೂಳನ್ನೇ ನೋಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ಆನಂದವೆಂದು ತಿಳಿದ ರಂಗಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡರು.

"ಇನ್ನು ಆ ಬಸ್ಸಿನ ಕಾಟ ಯಾಕವ್ವ ನಿಂಗೆ? ನಮ್ಮನೆ ಪಕ್ಕದ ಮನೆ ಖಾಲಿ ಐತೆ. ಸುಣ್ಣ ಬಳಿಸ್ತೀನಿ. ಭಾನುವಾರ ನಿಮ್ಮಮ್ಮನ್ನೂ ಕರ್ಕಂಡು ಬಂದ್ಬುಡು."