ಅರ್ಧ ಹೊಡೆತ, ಅರ್ಧ ಮದ್ದು

ಬೇರೆಯವರಿಗೆ ವರ್ಷಕ್ಕೊಂದು ಫಜೀತಿ ಆದರೆ ನನಗೆ ವಾರಕ್ಕೊಂದು. ನಾನಾಗಿ ಹುಡುಕಿಕೊಂಡು ಹೋಗೋದಿಲ್ಲ, ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿದ್ದಾಗಲೂ ಬರುತ್ತಿದ್ದವು. ವಿ.ಆರ್.ಎಸ್. ತಗೊಂಡು ಮನೇಲಿ ಕೂತ ಮೇಲಾದರೂ ನಿಲ್ಲುತ್ತವೆ ಅಂದುಕೊಂಡಿದ್ದೆ. ಎಲ್ಲಿ ನಿಲ್ಲುತ್ತವೆ?

ಮನೇಲಿ ಕೂತದ್ದು ಆರು ತಿಂಗಳು. ಬೆಳಿಗ್ಗೆ ಐದಕ್ಕೆ ಎಚ್ಚರ, ಸ್ನಾನ, ತಿಂಡಿ, ಏಳಕ್ಕೆ ರೆಡಿ. ಆದರೆ ಹೋಗೋಕೆ ಜಾಗ ಇಲ್ಲ. ಪೇಪರಿನಲ್ಲಿ ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುತ್ತಿದ್ದೆ. ಕಾರ್ಖಾನೆಯಲ್ಲಿ ಐದು ನಿಮಿಷ ತಡವಾದರೆ "ಯಾಕ್ರೀ ಲೇಟು?" ಅಂತ ಫೋರ್‌ಮನ್ ಬೈಯುತ್ತಿದ್ದರು. ಆ ಬೈಗುಳಕ್ಕೋಸ್ಕರ ಮನಸ್ಸು ಒದ್ದಾಡುತ್ತೆ ಅಂತ ಯಾರಿಗೆ ಗೊತ್ತಿತ್ತು? ನನಗೋಸ್ಕರ ಕಾಯುವವರು ಎಲ್ಲೂ ಇಲ್ಲವಲ್ಲ ಅಂತ ಒಂದೊಂದು ದಿನ ನಿಜವಾಗಿ ಅಳು ಬರುತ್ತಿತ್ತು.

ಕೊನೆಗೆ ನಮ್ಮನೆಯವಳೇ ತನ್ನ ತಮ್ಮನಿಗೆ ಫೋನ್ ಮಾಡಿ, "ಇವರನ್ನ ಎಲ್ಲಾದ್ರೂ ಕೂರಿಸ್ಕೊಳ್ಳೋ ಮಾರಾಯ, ವಾರಕ್ಕೆ ಮೂರು ಸಲ ನನ್ನ ಗ್ಯಾಸ್ ಸ್ಟೌವ್ ಬಿಚ್ತಾರೆ" ಅಂದಳು. ಭಾಮೈದ ಶಿವಮೊಗ್ಗದ ವಿದ್ಯಾನಗರದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ. ಆಗಿನ್ನೂ ಮನೆಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ನಾನು ದಿನಾ ಬಸ್ಸಿನಲ್ಲಿ ಹೋಗಿ ಅವನ ಕೌಂಟರಿನಲ್ಲಿ ಕೂರೋದು ಅಂತ ತೀರ್ಮಾನವಾಯಿತು.

1. ಬೆಣ್ಣೆ, ಸುಣ್ಣ

ಅಲ್ಲಿಗೆ ದಿನಾ ಮೂರು ಜನ ಬಂದು ಇಂಟರ್ನೆಟ್‌ನಲ್ಲಿ ಒಂದೇ ಆಟ ಆಡುತ್ತಿದ್ದರು. ಆಟದೊಳಗೆ ಕಾಡು, ಕೋಟೆ, ರಾಕ್ಷಸರು. ಒಬ್ಬೊಬ್ಬರಿಗೆ ಒಂದೊಂದು ವೇಷ. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿ ಬಿಲ್ಲು ಹಿಡಿಯುತ್ತಿದ್ದಳು, ತಂಡಕ್ಕೆ ಅವಳೇ ಕ್ಯಾಪ್ಟನ್. ಹೈಸ್ಕೂಲಿನ ಗಣಿತದ ಮೇಷ್ಟ್ರು, ಕ್ಲಾಸಿನಲ್ಲಿ ಬೆತ್ತ ಮುಟ್ಟದ ಪುಣ್ಯಾತ್ಮ, ಇಲ್ಲಿ ಕೊಡಲಿ ಹಿಡಿದ ಭಟ. ಪಕ್ಕದ ಮೆಡಿಕಲ್ ಷಾಪಿನವರು ವೈದ್ಯ; ಪೆಟ್ಟು ತಿಂದವರಿಗೆ ಮದ್ದು ಹಾಕಿ ವಾಸಿ ಮಾಡೋದು ಅವರ ಕೆಲಸ. ಅಂಗಡೀಲೂ ಅದೇ, ಇಲ್ಲೂ ಅದೇ. ತಂಡಕ್ಕೆ ನಾಲ್ಕನೆಯವರು ಬೇಕಿತ್ತು. "ಅಂಕಲ್, ಸುಮ್ನೆ ಕೂತಿರ್ತೀರಲ್ಲ, ಬನ್ನಿ" ಅಂದಳು ಕ್ಯಾಪ್ಟನ್. ಕರೆದಳಲ್ಲ ಅನ್ನೋದೇ ಸಾಕಾಯಿತು ನನಗೆ.

ಆಟದಲ್ಲಿ ಒಂದೊಂದು ಹಂತ ದಾಟಿದಾಗಲೂ ಹತ್ತು ಪಾಯಿಂಟ್ ಸಿಗುತ್ತವೆ. ಅವನ್ನು ಹೊಡೆಯುವ ಬಲಕ್ಕೆ ಹಾಕಬಹುದು, ಇಲ್ಲ ಮದ್ದಿನ ಶಕ್ತಿಗೆ ಹಾಕಬಹುದು. ಒಮ್ಮೆ ಹಾಕಿದರೆ ಮುಗೀತು, ವಾಪಸ್ ತೆಗೆಯೋ ಹಾಗಿಲ್ಲ. "ಎಲ್ಲಾ ಒಂದಕ್ಕೇ ಹಾಕಿ ಅಂಕಲ್" ಅಂತ ಕ್ಯಾಪ್ಟನ್ ಮೂರು ಸಲ ಹೇಳಿದಳು. "ಅದಕ್ಕಿಷ್ಟು ಇದಕ್ಕಿಷ್ಟು ಅಂತ ಹೈಬ್ರಿಡ್ ಮಾಡ್ಕೊಂಡ್ರೆ ಎರಡಕ್ಕೂ ಬರಲ್ಲ."

ಹೇಳೋದು ಸುಲಭ. ನನಗೆ ಇಬ್ಬರು ಮಕ್ಕಳು. ಮನೆಗೆ ಒಂದೇ ನಿಪ್ಪಟ್ಟು ಬಂದರೂ ನಡುವೆ ಮುರಿದು ಕೊಟ್ಟು ಅಭ್ಯಾಸ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚೋದಕ್ಕೆ ಕೈ ಬರಬೇಕಲ್ಲ? ಅದೂ ಅಲ್ಲದೆ ಕಾರ್ಖಾನೆಯಲ್ಲಿ ನಾನು ಫಿಟ್ಟರ್ ಆದರೂ ವೆಲ್ಡಿಂಗ್ ಕಲಿತಿದ್ದೆ. ಎರಡು ಕೆಲಸ ಗೊತ್ತಿದ್ದವನು ಕೆಡೋದಿಲ್ಲ ಅನ್ನೋದು ನನ್ನ ನಂಬಿಕೆ. ಐದು ಇಲ್ಲಿಗೆ ಹಾಕಿದೆ, ಐದು ಅಲ್ಲಿಗೆ.

ಹದಿನೈದು ದಿನ ಆದಮೇಲೆ ಕ್ಯಾಪ್ಟನ್ ಬಗ್ಗಿ ನನ್ನ ಸ್ಕ್ರೀನ್ ನೋಡಿದಳು.

"ಅಯ್ಯೋ ದೇವ್ರೇ! ಏನು ಅಂಕಲ್ ಇದು?"

"ಸಮಪಾಲು ಕಣಮ್ಮ."

"ಇದೇನು ಆಸ್ತಿ ಭಾಗಾನಾ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಂದು ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿ, "ಹೋಗ್ಲಿ ಬಿಡಮ್ಮ, ಆಟ ಹಾಳಾದ್ರೂ ಭಾಗಾಕಾರ ಸರಿಯಾಗಿದೆ" ಅಂದರು.

2. ಮನೆಯಲ್ಲಿ ಕೇಳಿದ್ದು

ಇನ್ನು ಮುಂದಿನ ಪಾಯಿಂಟನ್ನಾದರೂ ಯಾವುದಕ್ಕೆ ಹಾಕೋದು ಅನ್ನೋ ಚಿಂತೆ ಹತ್ತಿತು. ನಲವತ್ತಾರರ ವಯಸ್ಸಿನಲ್ಲಿ ಆಟ ಆಡ್ತೀನಿ ಅಂತ ಹೆಂಡತಿಗೆ ಹೇಳೋಕೆ ನಾಚಿಕೆ. ಆದರೂ ಅವಳ ಬುದ್ಧಿ ನನಗಿಂತ ಚುರುಕು ಅಂತ ಗೊತ್ತಿತ್ತಲ್ಲ, ಸುತ್ತಿಬಳಸಿ ಕೇಳಿದೆ.

"ಲೇ, ಒಬ್ಬ ಮನುಷ್ಯ ಹೊಡೆಯೋದನ್ನೂ ಕಲಿತು, ಗಾಯಕ್ಕೆ ಮದ್ದು ಹಾಕೋದನ್ನೂ ಕಲಿತರೆ ತಪ್ಪಾ?"

ಸಾರಿನ ಸೌಟು ಅಲ್ಲೇ ನಿಂತಿತು. "ಯಾರನ್ನ ಹೊಡೀಬೇಕಂತೆ?"

"ಅದು ಕ್ಯಾಪ್ಟನ್ ಹೇಳ್ತಾರೆ. ನಾವು ನಾಲ್ಕು ಜನ ಇದೀವಿ."

ನಾನು ಆ ಕಡೆ ಸ್ನಾನಕ್ಕೆ ಹೋದದ್ದೇ ತಡ, ಇವಳು ಹೊಳೆಹೊನ್ನೂರಿನ ತವರಿಗೆ ಫೋನ್ ಮಾಡಿ, ಇವರು ಯಾವುದೋ ಗ್ಯಾಂಗ್ ಸೇರಿದಾರೆ ಅಂತ ಅತ್ತಳಂತೆ. ನಮ್ಮತ್ತೆ ಫೋನ್ ಇಟ್ಟವರೇ ನನ್ನ ಹೆಸರಲ್ಲಿ ವೀರಭದ್ರನಿಗೆ ಹರಕೆ ಹೊತ್ತರಂತೆ. ಅಷ್ಟಾದರೂ ಸಮಾಧಾನ ಆಗದೆ ಇವಳು ಮಾರನೇ ದಿನ ತಮ್ಮನನ್ನು ಹಿಡಿದಳು.

"ನಿಜ ಹೇಳೋ. ನಿಮ್ಮ ಭಾವ ಅಲ್ಲಿ ಹೊಡೆದಾಟಕ್ಕೆ ಹೋಗ್ತಾರಾ?"

ನನ್ನ ಭಾಮೈದ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪ್ರಿಂಟರಿಗೆ ಕಚ್ಚಿಕೊಂಡ ಕಾಗದ ಹಿಡಿದಿದ್ದ. "ದಿನಾ ಹೋಗ್ತಾರೆ ಅಕ್ಕ" ಅಂದ. "ಹೊಡೆಯೋದೇನೋ ಪರವಾಗಿಲ್ಲ. ಸಾಯ್ಸೋದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ."

3. ಒಂದು ಗಂಟೆ

ಭಾಮೈದ ಹೇಳಿದ್ದು ಸುಳ್ಳಲ್ಲ. ಆಮೇಲಿನ ಪಾಯಿಂಟುಗಳನ್ನೂ ನಾನು ಅರ್ಧರ್ಧವೇ ಹಾಕಿದ್ದೆ. ನನ್ನ ಕತ್ತಿಯ ಏಟು ಅಂದರೆ ಸಕ್ರೆಬೈಲಿನ ಆನೆಗೆ ಕಡ್ಡೀಲಿ ಬೆನ್ನು ಕೆರೆದ ಹಾಗೆ, ರಾಕ್ಷಸರು ಖುಷಿಯಾಗೇ ಇರುತ್ತಿದ್ದರು. ಮದ್ದಿನ ಕಥೆಯೂ ಅಷ್ಟೇ. "ನಿಮ್ಮ ಮದ್ದು ಕೆಲಸ ಮಾಡೋ ಹೊತ್ತಿಗೆ ನನ್ನ ತಿಥಿ ಊಟ ಮುಗಿದಿರುತ್ತೆ ಕಣ್ರೀ" ಅನ್ನುತ್ತಿದ್ದರು ಮೇಷ್ಟ್ರು.

ಇಷ್ಟನ್ನು ಅವರು ಸಹಿಸಿಕೊಂಡಿದ್ದರು. ಸಹಿಸಲಾರದ್ದು ನನ್ನ ಊಟದ ಡಬ್ಬಿ. ಕಾರ್ಖಾನೆಯಲ್ಲಿ ಒಂದು ಗಂಟೆಗೆ ಸೈರನ್ ಆಗುತ್ತಿತ್ತು. ವಿದ್ಯಾನಗರದಲ್ಲಿ ಸೈರನ್ ಇಲ್ಲ, ಆದರೆ ನನ್ನ ಹೊಟ್ಟೆಯೊಳಗೆ ಇತ್ತು. ಒಂದು ರಜಾ ದಿನ ದೊಡ್ಡ ಕಾಳಗ ನಡೀತಾ ಇದೆ, ಮೇಷ್ಟ್ರಿಗೆ ಬೆನ್ನು ಕಾಯೋದು ನನ್ನ ಕೆಲಸ. ಗಡಿಯಾರ ಒಂದು ಹೊಡೀತು. ನಾನು ಎದ್ದೆ, ಕೈ ತೊಳೆದೆ, ಡಬ್ಬಿ ಬಿಚ್ಚಿದೆ. ಹಿಂದಿನಿಂದ "ಬಿದ್ದೆ! ಬಿದ್ದೆ!" ಅಂತ ಮೇಷ್ಟ್ರ ಕೂಗು. ಪಾಪ, ಕುರ್ಚಿ ಮುರೀತೇನೋ ಅಂತ ಬಾಯಲ್ಲಿ ಚಿತ್ರಾನ್ನ ಇಟ್ಟುಕೊಂಡೇ ಓಡಿದೆ.

"ಪೆಟ್ಟಾಯ್ತಾ ಸಾರ್?"

"ಪೆಟ್ಟೇನ್ರೀ, ಸತ್ತೇ ಹೋದೆ!"

ಕ್ಯಾಪ್ಟನ್ ನಗಲಿಲ್ಲ. "ಕಾರ್ಖಾನೇಲೂ ಹೀಗೇ ಮಶೀನ್ ಬಿಟ್ಟು ಎದ್ದು ಹೋಗ್ತಿದ್ರಾ ಅಂಕಲ್?"

ನನಗೆ ಚುರುಕ್ ಅಂತು. "ಓಡೋ ಮಶೀನ್ ಬಿಟ್ಟು ಏಳೋ ಹಾಗಿಲ್ಲಮ್ಮ. ಊಟಕ್ಕಾಗ್ಲಿ, ಶಿಫ್ಟ್ ಮುಗಿದಾಗ್ಲಿ, ರಿಲೀವರ್ ಬಂದು ನಮ್ಮ ಜಾಗದಲ್ಲಿ ನಿಂತ ಮೇಲೇ ಏಳೋದು."

"ಹಾಗಾದ್ರೆ ಇದನ್ನೂ ಮಶೀನು ಅಂತ್ಲೇ ತಿಳ್ಕೊಳ್ಳಿ. ಈ ಭಾನುವಾರ ಗುಹೆಯ ರಾಕ್ಷಸನ ಹತ್ರ ಹೋಗ್ತೀವಿ. ಐದು ತಿಂಗಳಿಂದ ಕಾದಿದೀವಿ. ಅವತ್ತೂ ಹೀಗಾದ್ರೆ ಬೇಜಾರು ಮಾಡ್ಕೋಬೇಡಿ, ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಅವತ್ತು ಬಸ್ಸಿನಲ್ಲಿ ಭದ್ರಾವತಿವರೆಗೂ ಅದೇ ಯೋಚನೆ. ಮತ್ತೆ ಟೆಂಡರ್ ಪ್ರಕಟಣೆ ಓದೋ ಬೆಳಗುಗಳು ಕಣ್ಣಿಗೆ ಕಟ್ಟಿದವು. ಕಾರ್ಖಾನೆಯವರಾದರೂ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದ್ದರು. ಇಲ್ಲಿ ಅದೂ ಇಲ್ಲ.

4. ರಿಲೀವರ್

ಭಾನುವಾರ ಹನ್ನೊಂದಕ್ಕೆ ಗುಹೆಗೆ ನುಗ್ಗಿದೆವು. ಈ ರಾಕ್ಷಸನದೊಂದು ಕೆಟ್ಟ ಬುದ್ಧಿ. ಒಂದು ನಿಮಿಷ ಯಾರೂ ಹೊಡೆಯದೆ ಬಿಟ್ಟರೆ ಗುಹೆಯೊಳಕ್ಕೆ ಹೋಗಿ ಪೂರ್ತಿ ವಾಸಿಯಾಗಿ ಬರುತ್ತಾನೆ, ಮತ್ತೆ ಮೊದಲಿಂದ ಶುರು. ಹೆಚ್ಚುಕಮ್ಮಿ ಎರಡು ತಾಸು ಹೊಡೆದು ಅವನನ್ನು ಮುಕ್ಕಾಲು ಪಾಲು ಇಳಿಸಿದ್ದೆವು. ಒಂದಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಕರೆಂಟ್ ಹೋಯಿತು.

ಬ್ಯಾಟರಿ ಇದ್ದದ್ದು ನಾನು ಕೂತಿದ್ದ ಕೌಂಟರಿನ ಕಂಪ್ಯೂಟರಿಗೆ, ಅದರ ಪಕ್ಕದ ಇಂಟರ್ನೆಟ್ ಪೆಟ್ಟಿಗೆಗೆ ಮಾತ್ರ. ಆ ಮೂವರ ಸ್ಕ್ರೀನ್ ಕಪ್ಪಾಯಿತು, ಅವರ ವೇಷಗಳು ಗುಹೆಯಿಂದ ಮಾಯ. ಉಳಿದವನು ನಾನೊಬ್ಬ, ಎದುರಿಗೆ ಅವನೊಬ್ಬ. ಭಾಮೈದ ಹಿತ್ತಲಿಗೆ ಓಡಿ ಜನರೇಟರಿನ ಹಗ್ಗ ಎಳೆಯತೊಡಗಿದ. ಅದು ಕೆಮ್ಮುತ್ತದೆ, ಹತ್ತಿಕೊಳ್ಳೋದಿಲ್ಲ.

"ಅಂಕಲ್, ಬಿಡಬೇಡಿ! ನಾವು ಬರೋವರೆಗೂ ಬಿಡಬೇಡಿ!"

ಬಿಡ್ತೀನಾ? ಒಂದು ಏಟು ಹೊಡೆದೆ. ಅವನು ತಿರುಗಿಸಿ ಕೊಟ್ಟ, ನನಗೆ ನಾನೇ ಮದ್ದು ಹಾಕಿಕೊಂಡೆ. ಮತ್ತೊಂದು ಏಟು, ಮತ್ತೊಂದು ಮದ್ದು. ಅವನು ಸಾಯಲ್ಲ, ನಾನೂ ಸಾಯಲ್ಲ. ಮೆಡಿಕಲ್ ಷಾಪಿನವರು ನನ್ನ ಬೆನ್ನ ಹಿಂದೆ ನಿಂತು, "ನನ್ನ ಕೈಲಿ ಇದು ಆಗ್ತಿರಲಿಲ್ಲ ಮಾರಾಯ್ರೆ, ನನಗೆ ಹೊಡೆಯೋಕೇ ಬರಲ್ಲ" ಅಂದರು. "ನನಗೆ ಮದ್ದು ಬರಲ್ಲ, ಎರಡೇ ನಿಮಿಷಕ್ಕೆ ಮಲಗಿರ್ತಿದ್ದೆ" ಅಂದರು ಮೇಷ್ಟ್ರು. ಕ್ಯಾಪ್ಟನ್ ಮಾತ್ರ ಉಗುರು ಕಚ್ಚುತ್ತಿದ್ದಳು.

ಅಷ್ಟರಲ್ಲಿ ಗಡಿಯಾರ ಒಂದು ಹೊಡೀತು. ದೇವರಾಣೆ, ಸೊಂಟ ತಾನಾಗೇ ಎರಡು ಇಂಚು ಎದ್ದಿತು. ಒತ್ತಿ ಕೂರಿಸಿದೆ.

ಅದೇ ಹೊತ್ತಿಗೆ ಬಾಗಿಲಲ್ಲಿ ನಮ್ಮನೆಯವಳು! ಗ್ಯಾಂಗನ್ನು ಕಣ್ಣಾರೆ ನೋಡಿಯೇ ಬಿಡೋಣ ಅಂತ ಹೇಳದೆ ಬಸ್ ಹತ್ತಿ ಬಂದಿದ್ದಳು, ಕೈಯಲ್ಲಿ ನಾನು ಮನೇಲೇ ಮರೆತು ಬಂದಿದ್ದ ಡಬ್ಬಿ.

"ಎಲ್ರೀ ಆ ಕ್ಯಾಪ್ಟನ್ನು?"

ಹುಡುಗಿ ಹೆದರಿ ಕೈ ಎತ್ತಿದಳು. ನಮ್ಮನೆಯವಳು ಆ ಹುಡುಗಿಯನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು, ಸ್ಕ್ರೀನಿನಲ್ಲಿ ಕುಣಿಯುತ್ತಿದ್ದ ರಾಕ್ಷಸನನ್ನು ನೋಡಿದಳು. "ಇದಾ? ಇದಕ್ಕಾ ನಮ್ಮಮ್ಮ ಹರಕೆ ಹೊತ್ತಿದ್ದು?" ಅಂತ ಉಸ್ಸೆಂದು ಬೆಂಚಿನ ಮೇಲೆ ಕೂತಳು. ಆಮೇಲೆ ಧ್ವನಿ ಬದಲಾಯಿತು. "ಏಳ್ರೀ ಮೇಲೆ! ಮಾನ ಇಲ್ವಾ ನಿಮಗೆ?"

"ಏಳೋ ಹಾಗಿಲ್ಲ ಕಣೆ" ಅಂದೆ, ಕಣ್ಣು ಕೀಳದೆ. "ರಿಲೀವರ್ ಬಂದಿಲ್ಲ."

ಇಪ್ಪತ್ತೆರಡು ವರ್ಷ ಕಾರ್ಖಾನೆಯವನ ಹೆಂಡತಿಯಾಗಿ ಬಾಳಿದವಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. ರಿಲೀವರ್ ಬಾರದ ದಿನ ಎಷ್ಟು ಸಲ ಗೇಟಿಗೆ ಡಬ್ಬಿ ಕಳಿಸಿದ್ದಾಳೋ! ಡಬ್ಬಿ ಬಿಚ್ಚಿದಳು, ಅನ್ನ ಕಲಸಿದಳು, ಪಕ್ಕದಲ್ಲಿ ನಿಂತು ತುತ್ತು ಕೊಡತೊಡಗಿದಳು. ಒಂದು ಏಟು, ಒಂದು ಮದ್ದು, ಒಂದು ತುತ್ತು. ನಡುವೆ ಆ ಮೂವರ ಕಡೆ ತಿರುಗಿ, "ನೀವೇನು ನೋಡ್ತಾ ನಿಂತಿದೀರಿ? ಇವರಿಗೆ ಶುಗರ್ ಇದೆ, ಬೇಗ ಡ್ಯೂಟಿಗೆ ಬನ್ನಿ!" ಅಂತ ಗದರಿದಳು.

ಹತ್ತಿತು ಜನರೇಟರ್! ಮೂವರೂ ಕುರ್ಚಿಗೆ ಬಿದ್ದರು. ಮೊದಲು ಮೇಷ್ಟ್ರು ಗುಹೆಗೆ ಬಂದರು, ಆಮೇಲೆ ವೈದ್ಯರು, ಕೊನೆಗೆ ಕ್ಯಾಪ್ಟನ್. ನಾನು ಎದ್ದು ನಿಂತು, "ಮಶೀನ್ ರನ್ನಿಂಗ್‌ನಲ್ಲಿದೆ, ಎಡಗಡೆ ಸ್ವಲ್ಪ ಜೋರಾಗಿ ಒದೀತದೆ, ನೋಡ್ಕೊಳ್ಳಿ" ಅಂತ ಒಪ್ಪಿಸಿ ಹಿತ್ತಲಿನ ನಲ್ಲಿಗೆ ಹೋದೆ. ಕೈಯಲ್ಲಿ ಒಂದು ಚೂರು ಗ್ರೀಸಿಲ್ಲ. ಆದರೂ ಸೋಪು ಹಾಕಿ ಮೊಣಕೈವರೆಗೂ ಉಜ್ಜಿದೆ.

ಒಳಗಿನಿಂದ ಹೋ ಅಂತ ಕೂಗು ಕೇಳಿತು. ಕ್ಯಾಪ್ಟನ್ ಓಡಿಬಂದಳು. "ಬಿದ್ದ ಅಂಕಲ್! ಬಿದ್ದೇ ಬಿಟ್ಟ! ನೋಡಿದ್ರಾ?"

"ಇಲ್ಲಮ್ಮ. ನನ್ನ ಶಿಫ್ಟ್ ಮುಗಿದಿತ್ತಲ್ಲ."

ಐದು ತಿಂಗಳು ಕಾದು, ಅವನು ಬೀಳುವಾಗ ನಾನು ನಲ್ಲಿ ಹತ್ತಿರ ಸೋಪು ಹಿಡಿದು ನಿಂತಿದ್ದೆ ಅಂತ ಅವಳಿಗೆ ಅರ್ಥವಾಗೋಕೆ ಒಂದು ಗಳಿಗೆ ಬೇಕಾಯಿತು. ನಕ್ಕಳು ನೋಡಿ, ಒಗೆಯೋ ಕಲ್ಲಿನ ಮೇಲೆ ಕೂತು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ; ಕಾಳಗದ ನಡುವೆ ಎದ್ದು ಬಂದಿದ್ದೆನಲ್ಲ, ಬೇರೆಯವರನ್ನ ನೋಡ್ಕೋತೀವಿ ಅಂತ ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾಯುತ್ತಿದ್ದೆ. ಕಣ್ಣೊರೆಸಿಕೊಂಡು ಎದ್ದು ಹೇಳಿದಳು, "ನಾಳೆ ಎಲ್ಲರಿಗೂ ರಜೆ, ಹತ್ತು ಗಂಟೆಗೆ ಅಂಕಲ್. ನೀವಿಲ್ದೆ ಶುರು ಮಾಡಲ್ಲ, ಲೇಟ್ ಮಾಡಿದ್ರೆ ಬೈತೀನಿ."

ಅಬ್ಬಾ! ಬೈತೀನಿ ಅಂದಳಲ್ಲ! ಕಾರ್ಖಾನೆ ಬಿಟ್ಟ ದಿನದಿಂದ ಎದೆ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು, ಸೋಪು ಹೋಯ್ತು ಅಂತ ಹೇಳಿ ಮುಖ ತೊಳೆದುಕೊಂಡೆ.

ಖಾಲಿ ಡಬ್ಬಿ ತೊಳೆಯೋಕೆ ಬಂದ ನಮ್ಮನೆಯವಳು ಎಲ್ಲಾ ಕೇಳಿಸಿಕೊಂಡಿದ್ದಳು. "ಹತ್ತಕ್ಕೆ ಅಂದ್ರೆ ಜನರಲ್ ಶಿಫ್ಟ್ ಆಯ್ತು. ನಾಲ್ಕು ಜನಕ್ಕೂ ಡಬ್ಬಿ ಕಟ್ಟಿ ಕಳಿಸ್ತೀನಿ" ಅಂದಳು. ಆಮೇಲೆ ಕ್ಯಾಪ್ಟನ್ ಕಡೆ ತಿರುಗಿ ಬೆರಳು ಎತ್ತಿದಳು. "ಆದ್ರೆ ಒಂದು ಗಂಟೆಗೆ ಸರಿಯಾಗಿ ಊಟಕ್ಕೆ ಬಿಡಬೇಕಮ್ಮ. ಇವರನ್ನೂ, ಆ ರಾಕ್ಷಸನನ್ನೂ."