ಬಯೊನೆಟ್ಟಿಗೆ ಅರಿಸಿನ ಕುಂಕುಮ

ಗಂಡಸರಿಗೆ ಒಂದೊಂದು ಹುಚ್ಚಿರುತ್ತದೆ. ಇಸ್ಪೀಟು, ರಾಜಕೀಯ, ಷೇರುಪೇಟೆ, ಇವಕ್ಕೆಲ್ಲ ಸಮಾಜದಲ್ಲಿ ಮರ್ಯಾದೆಯುಂಟು. ನನ್ನದು ಹೇಳಿಕೊಳ್ಳುವಂಥದ್ದಲ್ಲ: ಹಳೆಯ ಬಯೊನೆಟ್ಟುಗಳು, ಅಂದರೆ ಸಿಪಾಯಿಗಳು ಬಂದೂಕಿನ ಮೂತಿಗೆ ಸಿಕ್ಕಿಸುತ್ತಿದ್ದ ಕತ್ತಿಗಳು. ಟೊಮೆಟೊ ಹೆಚ್ಚಲು ಹೋಗಿ ಬೆರಳು ಕುಯ್ದುಕೊಳ್ಳುವ ಪುಕ್ಕಲ ನಾನು. ನನಗೆ ಬೇಕಾದದ್ದು ಅಲಗಿನ ಬುಡದಲ್ಲಿ ಒತ್ತಿರುವ ಮುದ್ರೆಗಳಷ್ಟೆ. ಕಿರೀಟ, ಬಾಣ, ಕಾರ್ಖಾನೆಯ ಹೆಸರು, ತಿಂಗಳು, ವರ್ಷ. ಮಿನಿಸ್ಟ್ರಿಯಲ್ಲಿ ಇಪ್ಪತ್ತು ವರ್ಷ ಸಾಹೇಬರುಗಳ ಕಾಗೆಕಾಲು ಗುಬ್ಬಿಕಾಲು ಸಹಿ ಓದಿದವನಿಗೆ ಇನ್ನೆಂಥ ಹುಚ್ಚು ಹಿಡಿದೀತು?

ದಿಲ್ಲಿಗೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ. ಹಳೇ ದಿಲ್ಲಿಯ ಭಾನುವಾರದ ಸಂತೆಯಲ್ಲಿ ಗುಜರಿ ಸಾಮಾನು ಮಾರುವ ಕಬಾಡಿ ಭಯ್ಯಾ, "ಲೇ ಜಾವೋ ಬಾಬೂಜಿ, ಅಸಲಿ ಹೈ" ಎಂದು ಕೊಟ್ಟ ಐದನೆಯದನ್ನು ಆರ್.ಕೆ. ಪುರಂನ ಕ್ವಾರ್ಟರ್ಸಿಗೆ ತಂದೆ. ಹೆಂಡತಿ ಶಾರದೆ ಬಾಗಿಲಲ್ಲೇ ತಡೆದಳು.

"ಯಾರ ಹೊಟ್ಟೆಗೆ ಚುಚ್ಚಿದ್ದೋ ಏನೋ! ಆಯುಧಪೂಜೆಯೊಳಗೆ ಇದರ ಕುಲಗೋತ್ರ ಹೇಳಿ. ಇಲ್ದಿದ್ರೆ ಐದೂ ಕಬಾಡಿಗೆ."

ಎರಡು ವಾರ ಭೂತಗನ್ನಡಿ ಹಿಡಿದೆ, ಟಾರ್ಚು ಬಿಟ್ಟೆ, ಸೀಮೆಎಣ್ಣೆಯಲ್ಲಿ ಉಜ್ಜಿದೆ. ಒಂದಕ್ಷರ ಏಳಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಸೋಲೊಪ್ಪಿಕೊಂಡು ಐದನ್ನೂ ಹಳೇ ಪೇಪರಿನಲ್ಲಿ ಸುತ್ತತೊಡಗಿದೆ. ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಪೂಜೆ ಮುಗಿಸಿದ ಶಾರದೆ ಬಟ್ಟಲು ಹಿಡಿದು ಬಂದಳು.

"ಹೋಗೋವಾಗ ಬರೀ ಹಣೇಲಿ ಕಳಿಸಬಾರದು" ಎಂದು ಐದನೆಯದರ ಬುಡಕ್ಕೆ ಹೆಬ್ಬೆರಳಿನಿಂದ ಒಣ ಅರಿಸಿನ ತೀಡಿದಳು. ಮೇಲಿನದು ಉದುರಿತು, ತಗ್ಗಿನಲ್ಲಿದ್ದದ್ದು ನಿಂತಿತು. ಹಳದಿ ಕಿರೀಟ, ಹಳದಿ ಬಾಣ, ತಿಂಗಳು, ವರ್ಷ! ಪಕ್ಕದಲ್ಲೊಂದು ಇಂಟು ಮಾರ್ಕು.

ಶಾರದೆ ಗಣಿತದ ಟೀಚರು. "ನೋಡಿ, ಇಂಟು ಹಾಕಿದಾರೆ. ನಪಾಸಾಗಿರೋ ಮಾಲು ತಂದಿದೀರಿ."

"ಅಲ್ಲ ಕಣೇ. ಅಲಗನ್ನ ಬಗ್ಗಿಸಿ ನೋಡ್ತಿದ್ರು. ಮುರೀದೆ ಮತ್ತೆ ನೆಟ್ಟಗಾದ್ರೆ ಆ ಗುರುತು. ಪಾಸು ಅಂತ."

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. "ಹಾಗಾದ್ರೆ ನನ್ನ ಬೆನ್ನಿಗೂ ಒಂದು ಒತ್ತಬೇಕು."

ನಗಬೇಕೆಂದುಕೊಂಡೆ, ಆಗಲಿಲ್ಲ. ಇದೇ ಎರಡು ಕೋಣೆಯಲ್ಲಿ ಲಕ್ವ ಹೊಡೆದ ನನ್ನಮ್ಮನನ್ನು ಮೂರು ವರ್ಷ ಎತ್ತಿ ಮಲಗಿಸಿ, ಏಳಕ್ಕೆ ಸ್ಕೂಲಿನ ಬಸ್ಸು ಹಿಡಿಯುತ್ತಿದ್ದವಳು ಅವಳು. ಯಾವನೋ ಸಿಪಾಯಿಯ ಕತ್ತಿಗೆ ಭೂತಗನ್ನಡಿ ಹಿಡಿದವನು ಇದನ್ನು ಓದಿರಲೇ ಇಲ್ಲ. ನಾಚಿಕೆಯಾಯಿತು.

ಶಾರದೆ ಐದಕ್ಕೂ ಕುಂಕುಮವಿಟ್ಟು ಪುನಃ ಕಪಾಟಿನಲ್ಲಿಟ್ಟಳು. ಬೆರಳಲ್ಲಿ ಉಳಿದ ಅರಿಸಿನವನ್ನು ನನ್ನ ಹಣೆಗೆ ತೀಡಿದಳು.

"ಇದೇನೇ?"

"ಇಲ್ಲೇನಾದ್ರೂ ಗುರುತು ಏಳುತ್ತಾ ನೋಡ್ತೀನಿ."

ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಏನು ಕಂಡಿತೆಂದು ಇವತ್ತಿನವರೆಗೂ ಹೇಳಿಲ್ಲ. ನನ್ನನ್ನು ಕಬಾಡಿಗೂ ಹಾಕಿಲ್ಲ.