ನೈಟಿ ಮಡಿಕೆಯಲ್ಲಿ ಡಬ್ಬಿ

ನಗಬಾರದ ಜಾಗದಲ್ಲೇ ನಗು ಬರೋ ಕೆಲಸ ನಂದು. ತಿಂಗಳಿಗೆ ಒಂದಾದರೂ ಇಂಥದ್ದು ನಡೆದೇ ನಡೆಯುತ್ತೆ. ಮನೆಗೆ ಬಂದು ಹೇಳೋ ಹಾಗಿಲ್ಲ, ಬಸ್ಸಲ್ಲಿ ಪಕ್ಕದವರಿಗೆ ಹೇಳೋ ಹಾಗಂತೂ ಇಲ್ಲವೇ ಇಲ್ಲ. ಹೊಟ್ಟೇಲಿ ಇಟ್ಕೊಂಡು ಇಟ್ಕೊಂಡು ಸಾಕಾಗಿ ಈಗ ಬರೀತಾ ಇದೀನಿ. ಯಾರು, ಯಾವ ಬೀದಿ ಅಂತ ಮಾತ್ರ ಕೇಳಬೇಡಿ, ಕೇಳಿದ್ರೂ ಹೇಳಲ್ಲ.

ಹೆಣ್ಣುಮಕ್ಕಳಿಗೆ ಎಚ್‌ಐವಿ ಅಂಟದ ಹಾಗೆ ನೋಡಿಕೊಳ್ಳೋ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಫೀಲ್ಡ್ ಕೆಲಸದವಳು. ಮನೆ ಮಾಲೂರಲ್ಲಿ, ಆಫೀಸು ಕೋಲಾರದಲ್ಲಿ, ತಿರುಗಾಟ ಮುಳಬಾಗಿಲು, ಶ್ರೀನಿವಾಸಪುರದ ತನಕ. ಮೊದಲೆಲ್ಲ ನಮ್ಮ ಬ್ಯಾಗಲ್ಲಿ ಇರ್ತಿದ್ದಿದ್ದು ನಿರೋಧ್ ಒಂದೇ. ಅದನ್ನ ಹೆಂಗಸಿನ ಕೈಗೆ ಕೊಟ್ಟು ಏನು ಪ್ರಯೋಜನ, ಹಾಕ್ಕೊಳ್ಳಬೇಕಾದವನು ಗಂಡಸು. ಅವನು ಒಲ್ಲೆ ಅಂದ್ರೆ ಅಲ್ಲಿಗೆ ಮುಗೀತು.

ಆಮೇಲೆ ಮೇಲಿನವರಿಗೆ ಜ್ಞಾನೋದಯ ಆಯ್ತು. ‘ಹೆಣ್ಣುಮಕ್ಕಳಿಗೆ ಆಯ್ಕೆ ಕೊಡಿ’ ಅಂದರು. ಹೆಂಗಸರೇ ಹಾಕಿಕೊಳ್ಳೋ ನಿರೋಧ್, ದಿನಕ್ಕೊಂದು ನುಂಗೋ ಮಾತ್ರೆ, ಒಳಗೆ ಇಟ್ಕೊಳ್ಳೋ ರಬ್ಬರಿನ ಉಂಗುರ, ಎರಡು ತಿಂಗಳಿಗೊಮ್ಮೆ ಇಂಜೆಕ್ಷನ್. ಎಲ್ಲದರ ಚಿತ್ರ ಇರೋ ಒಂದು ಚಾರ್ಟು ಕೈಗೆ ಕೊಟ್ಟರು. ಆದರೆ ಉಂಗುರ, ಇಂಜೆಕ್ಷನ್ನು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಬಂದ್ರೆ ಯಾವುದು ಬೇಕು ಅಂತ ಕೇಳ್ಕೊಂಡು ಬರಬೇಕಿತ್ತು, ಅಷ್ಟೇ. ಹಸಿದವರಿಗೆ ಊಟದ ಚಿತ್ರ ತೋರಿಸೋ ಕೆಲಸ ಅಂತ ನಾನು ಮೊದಲ ದಿನವೇ ಗೊಣಗಿದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಎಷ್ಟು ಗ್ರಾಂ?

ಶ್ರೀನಿವಾಸಪುರದ ಒಂದು ಮಾವಿನ ಮಂಡಿ. ಹಣ್ಣು ಆರಿಸೋ ಹೆಂಗಸರು ಮಧ್ಯಾಹ್ನ ಮುದ್ದೆ ಉಂಡು ನೆರಳಲ್ಲಿ ಕೂತಿದ್ದರು. ನಾನು ಚಾರ್ಟು ಬಿಡಿಸಿದೆ. ಮಾತ್ರೆ ಅಂದಾಗ ಆಕಳಿಸಿದರು. ನಿರೋಧ್ ಅಂದಾಗ ಅತ್ತ ತಿರುಗಿದರು. “ಇದು ಉಂಗುರ” ಅಂದ ಕೂಡಲೇ ಎಲ್ಲರೂ ಹತ್ತಿರ ಸರಿದು ಕೂತರು.

ವಯಸ್ಸಾದ ಒಬ್ಬಾಕೆ, “ಎಷ್ಟು ಗ್ರಾಂದಮ್ಮಾ?” ಅಂದಳು.

“ಚಿನ್ನದ್ದಲ್ಲಮ್ಮ, ರಬ್ಬರಿಂದು.”

“ರಬ್ಬರ್ರಾ? ಬೆರಳಿಗೆ ಬಿಗಿಯಾಗಲ್ವಾ?”

“ಬೆರಳಿಗಲ್ಲ” ಅಂತ ಹೇಳಿ, ಎಲ್ಲಿಗೆ ಅನ್ನೋದನ್ನೂ ಹೇಳಿದೆ. ಉಳಿದವರೆಲ್ಲ ಬಾಯಿಗೆ ಸೆರಗು ತುರುಕಿಕೊಂಡರು. ಆಕೆ ಮಾತ್ರ ನಗಲಿಲ್ಲ. ತನ್ನ ಖಾಲಿ ಬೆರಳು ಸವರಿಕೊಂಡಳು.

“ನನ್ನ ಉಂಗುರ, ಓಲೆ, ತಾಳಿಗುಂಡು, ಎಲ್ಲಾ ನಮ್ಮೆಜಮಾನ್ರು ಅಡ ಇಟ್ಟು ಕುಡಿದ್ರು. ಇದನ್ನ ಅಡ ಇಡೋಕೆ ಅವರ ಕೈಲಾಗಲ್ಲ ಅಲ್ವಾ? ನಂಗೊಂದು ಬರ್ಕೊಳ್ಳಿ.”

ಬೋರ್ಡಿನ ತುಂಬ ತಿಂಡಿ

ಇನ್ನು ಮುಂದಿನದೆಲ್ಲ ಒಬ್ಬಳದೇ ಕಥೆ. ಕೋಲಾರದ ಟೊಮೆಟೊ ಮಾರ್ಕೆಟ್ಟಲ್ಲಿ ಹಣ್ಣು ಬೇರೆ ಮಾಡೋ ಕೆಲಸ ಅವಳದ್ದು, ಮನೆ ಮುಳಬಾಗಿಲ ಹತ್ತಿರ. ಗಂಡ ಬೋರ್‌ವೆಲ್ ಗಾಡಿಯವನು. ಗಾಡಿ ಜೊತೆ ಯಾವ್ಯಾವುದೋ ರಾಜ್ಯಕ್ಕೆ ಹೋಗಿ ತಿಂಗಳುಗಟ್ಟಲೆ ಬರಲ್ಲ, ಬಂದ್ರೆ ನಾಲ್ಕು ದಿನ ಇರ್ತಾನೆ. ಕುಡಿಯಲ್ಲ, ಕೈ ಎತ್ತಲ್ಲ, ಬರೋವಾಗ ಸ್ವೀಟ್ ಬಾಕ್ಸ್ ತರ್ತಾನೆ. ಅದೇ ಗಾಡಿಯಲ್ಲಿದ್ದ ಇನ್ನೊಬ್ಬ ‘ಆ ಕಾಯಿಲೆ’ ಬಂದು ತೀರಿಕೊಂಡ. ಅವತ್ತಿಂದ ಇವಳಿಗೆ ನಿದ್ದೆ ಇಲ್ಲ. ನಿರೋಧ್ ಮಾತೆತ್ತಿದ್ದಕ್ಕೆ ಗಂಡ “ನನ್ ಮೇಲೇ ಅನುಮಾನಾನಾ?” ಅಂತ ಊಟ ಬಿಟ್ಟು ಕೂತನಂತೆ. ರಕ್ತ ಪರೀಕ್ಷೆ ಮಾಡಿಸು ಅನ್ನೋ ಮಾತನ್ನಂತೂ ಇವಳು ಎತ್ತಲೇ ಇಲ್ಲ.

ಇವಳ ಪರೀಕ್ಷೆ ಮಾಡಿಸಿದ್ವಿ. ಏನೂ ಇರಲಿಲ್ಲ.

“ಹಿಂಗೇ ಇರಬೇಕು ಅಕ್ಕಾ. ಮಗಳಿನ್ನೂ ನಾಲ್ಕನೇ ಕ್ಲಾಸು. ನಂಗೇನಾದ್ರೂ ಆದ್ರೆ ಅವಳನ್ನ ನೋಡೋರಿಲ್ಲ” ಅಂದಳು. ಅಳಲಿಲ್ಲ, ಟೊಮೆಟೊ ರೇಟು ಹೇಳೋ ಹಾಗೆ ಹೇಳಿದಳು.

ಚಾರ್ಟು ತೋರಿಸಿದೆ. ತುಂಬಾ ಹೊತ್ತು ನೋಡಿ, “ಇಂಜೆಕ್ಷನ್ ಕೊಡಿ. ಯಾರಿಗೂ ಕಾಣಲ್ಲ, ಮನೇಲಿ ಬಚ್ಚಿಡೋ ಗೋಳೂ ಇಲ್ಲ” ಅಂದಳು.

“ಅದು ಇನ್ನೂ ಬಂದಿಲ್ಲ.”

“ಸರಿ, ಉಂಗುರ.”

“ಅದೂ ಬಂದಿಲ್ಲ.”

“ಹೆಂಗಸರ ನಿರೋಧ್?”

“ಇದೆ. ಆದ್ರೆ ನಿಮ್ಮವರಿಗೆ ಗೊತ್ತಾಗುತ್ತಲ್ಲ?”

“ಮತ್ತೆ ಏನಿದೆ?”

“ಮಾತ್ರೆ.”

ಅವಳು ಚಾರ್ಟು ಮಡಿಚಿ ನನ್ನ ಕೈಗಿಟ್ಟಳು. “ಬೋರ್ಡಿನ ತುಂಬ ಮಸಾಲೆ ದೋಸೆ, ಪೂರಿ, ಪಲಾವ್ ಅಂತ ಬರ್ದಿರ್ತಾರೆ, ಒಳಗೆ ಹೋಗಿ ಕೂತ್ರೆ ಇಡ್ಲಿ ಒಂದೇ ಇದೆ ಅಂತಾರೆ. ನೀವೂ ಹಂಗೇ ಆದ್ರಲ್ಲ ಅಕ್ಕಾ. ಇಡ್ಲಿನೇ ಕೊಡಿ.”

ಎಕ್ಸೆಲ್, ಡಬಲ್ ಎಕ್ಸೆಲ್

ಡಾಕ್ಟರ ಹತ್ತಿರ ತೋರಿಸಿ ಮಾತ್ರೆ ಶುರು ಮಾಡಿದ್ವಿ. ಪ್ರತಿ ತಿಂಗಳು ಮಾರ್ಕೆಟ್ಟಲ್ಲೇ ಡಬ್ಬಿ ಕೈಗೆ ಕೊಡ್ತಿದ್ದೆ. ಒಂದು ಸಲ ಅವಳು ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮಾತ್ರೆ ತಪ್ಪಬಾರದು ಅಂತ ನಾನೇ ಮುಳಬಾಗಿಲ ಬಸ್ಸು ಹತ್ತಿದೆ. ಬಾಗಿಲಲ್ಲೇ ಅತ್ತೆ ಕೂತಿದ್ದಳು. ಮಾತೆಲ್ಲ ಅರ್ಧ ಕನ್ನಡ, ಅರ್ಧ ತೆಲುಗು.

“ಎವರಮ್ಮಾ ನೀನು? ಯಾರು ಬೇಕು?”

ಒಳಗಿಂದ ಓಡಿ ಬಂದ ಸೊಸೆ ನನ್ನ ಬ್ಯಾಗಿಂದ ಇಣುಕ್ತಿದ್ದ ಹೂವಿನ ಬಟ್ಟೆ ನೋಡಿ, “ನೈಟಿ ಮಾರೋ ಮೇಡಂ, ಅತ್ತೆ” ಅಂದುಬಿಟ್ಟಳು. ಅದು ಬೆಳಿಗ್ಗೆ ಮಾಲೂರಲ್ಲಿ ನನಗೆ ಅಂತ ತಗೊಂಡಿದ್ದ ನೈಟಿ. ಅತ್ತೆ ಅದನ್ನ ಎಳೆದು, ತಿರುಗಿಸಿ, ಹೊಲಿಗೆ ನೋಡಿ, ಚೌಕಾಶಿ ಮಾಡಿ, ಉಟ್ಟ ಸೀರೆ ಮೇಲೇ ಹಾಕ್ಕೊಂಡು ನೋಡಿ ಇಟ್ಕೊಂಡೇ ಬಿಟ್ಟಳು.

ಅವತ್ತಿಂದ ನಾನು ಆ ಬೀದಿಗೆ ಕೈ ಬೀಸ್ಕೊಂಡು ಹೋಗೋ ಹಾಗಿಲ್ಲ. ಪಕ್ಕದ ಮನೆಯವಳಿಗೆ ಜಿಪ್ ಇರೋದು ಬೇಕು, ಎದುರು ಮನೆಯವಳಿಗೆ ಜೇಬು ಇರೋದು ಬೇಕು. ಮಾಲೂರಿನ ಅಂಗಡಿಯವನು ನನಗೆ ಹೋಲ್‌ಸೇಲ್ ರೇಟ್ ಹಾಕೋಕೆ ಶುರು ಮಾಡಿದ. ಸತ್ಯ ಹೇಳ್ತೀನಿ, ಮಾತ್ರೆಗಿಂತ ನೈಟಿಗೇ ಹೆಚ್ಚು ಗಿರಾಕಿ ಇತ್ತು. ಅದನ್ನ ನೆನೆಸಿಕೊಂಡ್ರೆ ಬೇಜಾರಾಗುತ್ತೆ.

ತಿಂಗಳ ಮೀಟಿಂಗಲ್ಲಿ ಬೆಂಗಳೂರಿಂದ ಬಂದಿದ್ದ ಸಾಹೇಬರು, “ಮುಳಬಾಗಿಲು ಕಡೆ ಹೆಂಗಸರು ಯಾವುದನ್ನ ಜಾಸ್ತಿ ಇಷ್ಟಪಡ್ತಿದಾರೆ?” ಅಂತ ಕೇಳಿದರು.

ನಾನು ಬೇರೆ ಏನೋ ಯೋಚನೆಯಲ್ಲಿದ್ದೆ. “ಕಾಟನ್ನು ಸಾರ್. ಎಕ್ಸೆಲ್, ಡಬಲ್ ಎಕ್ಸೆಲ್” ಅಂದೆ.

ಮೋಕಾಳ್ಳ ನೊಪ್ಪಿ

ಮಾತ್ರೆ ಡಬ್ಬಿ ಇಡೋದೇ ದೊಡ್ಡ ತಲೆನೋವು. ಎತ್ತಿದರೆ ಗಲಗಲ ಅನ್ನುತ್ತೆ. ಅವಳು ಲೇಬಲ್ ಕಿತ್ತು ಹಾಕಿ, ಸದ್ದು ಬರದ ಹಾಗೆ ಒಳಗೆ ಹತ್ತಿ ತುಂಬಿ, ಬೇಳೆ ಡಬ್ಬಿಯ ಹಿಂದೆ ಇಟ್ಟಿದ್ದಳು. ಅತ್ತೆಯ ಕೈಗೆ ಸಿಕ್ಕಿತು. ಏನಿದು ಅಂದದ್ದಕ್ಕೆ ಇವಳು ಗಾಬರಿಯಲ್ಲಿ, “ಮಂಡಿ ನೋವಿಗೆ” ಅಂದಳು. ಹೇಳೋಕೆ ಬೇರೆ ನೋವೇ ಸಿಗಲಿಲ್ಲವಾ ಅಂತ ಆಮೇಲೆ ನಾನು ಬೈದೆ. ಮಂಡಿ ನೋವು ಇದ್ದಿದ್ದು ಅತ್ತೆಗೆ.

ನಾಲ್ಕೈದು ದಿನ ಆದ್ಮೇಲೆ ಇವಳು ಮಾರ್ಕೆಟ್ಟಲ್ಲಿ ನನ್ನ ಕೈ ಹಿಡ್ಕೊಂಡಳು. “ಅತ್ತೆ ದಿನಾ ನುಂಗ್ತಿದಾರೆ ಅಕ್ಕಾ. ಡಬ್ಬಿ ಅವರ ತಲೆದಿಂಬಿನ ಕೆಳಗಿದೆ, ನನಗೆ ಸಿಗ್ತಿಲ್ಲ. ನಮ್ಮೆಜಮಾನ್ರು ಬರೋ ವಾರ ಊರಿಗೆ ಬರ್ತಾರೆ.”

ಬೇರೆ ಡಬ್ಬಿ ಕೊಡಿಸಿದೆ. ಡಾಕ್ಟರನ್ನ ಕೇಳಿದೆ. ನಾಲ್ಕು ದಿನ ನುಂಗಿದ್ದಕ್ಕೆ ಅತ್ತೆಗೆ ಏನೂ ಆಗಲ್ಲ, ಆದ್ರೆ ಮೊದಲು ನಿಲ್ಲಿಸಿ ಅಂದರು. ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಅತ್ತೆ ನಗುನಗುತ್ತಾ ಎದ್ದು ನಡೆದು ತೋರಿಸಿದಳು.

“ಮೋಕಾಳ್ಳ ನೊಪ್ಪಿ, ಮಂಡಿ ನೋವು ಪೂರ್ತಿ ಹೋಯ್ತಮ್ಮಾ. ನಮ್ಮ ಸೊಸೆ ಇಷ್ಟು ದಿನ ಒಳ್ಳೇ ಮಾತ್ರೆ ಬಚ್ಚಿಟ್ಕೊಂಡಿದ್ಲು ನೋಡು.”

“ಅದು ನಿಮ್ಮ ವಯಸ್ಸಿನವರಿಗೆ ಆಗಲ್ಲಮ್ಮ. ಕಿಡ್ನಿಗೆ ತೊಂದರೆ ಆಗುತ್ತೆ, ಬಿಟ್ಬಿಡಿ.”

ಅವಳು ನನ್ನನ್ನ ಮೇಲಿಂದ ಕೆಳಗೆ ನೋಡಿದಳು. “ನೈಟಿ ಮಾರೋಳಿಗೆ ಮಾತ್ರೆ ವಿಷಯ ಏನು ಗೊತ್ತು?”

ಕೊನೆಗೆ ಸರ್ಕಾರಿ ಆಸ್ಪತ್ರೆಯಿಂದ ನಿಜವಾದ ಮಂಡಿ ನೋವಿನ ಮಾತ್ರೆ ತಂದು ಕೊಟ್ಟು ಡಬ್ಬಿ ವಾಪಸ್ ತಗೊಂಡ್ವಿ. ಇದರಲ್ಲಿ ಮೊದಲಿನಷ್ಟು ಗುಣ ಇಲ್ಲ ಅಂತ ಅವಳು ಇವತ್ತಿಗೂ ಹೇಳ್ತಾಳೆ.

ಎಕ್ಸ್‌ಚೇಂಜ್

ಇದಾದ ಮೇಲೆ ಡಬ್ಬಿಗೆ ಹೊಸ ಜಾಗ ಹುಡುಕಿದ್ವಿ. ಒಂದು ಹೊಸ ನೈಟಿ, ಕವರ್ ಸಮೇತ. ಅದರ ಮಡಿಕೆಯೊಳಗೆ ಡಬ್ಬಿ, ಟ್ರಂಕಿನ ತಳದಲ್ಲಿ ನೈಟಿ. ಕೆಲವು ತಿಂಗಳು ಏನೂ ತೊಂದರೆ ಇರಲಿಲ್ಲ.

ಒಂದು ದಿನ ಫೋನು ಬಂತು. “ನೈಟಿ ಮೇಡಮ್ಮಾ? ಮುಳಬಾಗಿಲಿಂದ ಮಾತಾಡ್ತಿರೋದು, ನಮ್ಮಮ್ಮ ನಿಮ್ಮ ನಂಬರ್ ಕೊಟ್ರು. ನಮ್ಮನೆಯವಳ ನೈಟಿ ಎಕ್ಸ್‌ಚೇಂಜ್ ಮಾಡಬೇಕಿತ್ತು. ಕೋಲಾರಕ್ಕೆ ತಂದಿದೀನಿ.”

ಡಬ್ಬಿ ಇರೋ ಅದೇ ನೈಟಿ. ಹೊಸ ನೈಟಿ ಯಾಕೆ ಹಾಕ್ಕೊಳ್ಳಲ್ಲ ಅಂತ ಅವನು ಕೇಳಿದ್ದಕ್ಕೆ ಇವಳು ‘ದೊಡ್ಡದಾಯ್ತು’ ಅಂದಿದ್ದಾಳೆ. ಪಾಪ, ಅವಳಿಗೆ ಹೇಳದೆ ಬದಲಾಯಿಸಿ ತಂದು ಖುಷಿಪಡಿಸೋಣ ಅಂತ ಅವನು ಎತ್ಕೊಂಡು ಬಂದಿದ್ದಾನೆ.

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಸಿಕ್ಕಿದ. ಎತ್ತರದ ಆಳು, ನಗುಮುಖ. “ಕೊಡಿ, ಕೊಡಿ” ಅಂತ ನಾನು ಕೈ ಚಾಚಿದೆ. “ಇರಿ ಮೇಡಂ, ಎಷ್ಟು ದೊಡ್ಡದು ಅಂತ ತೋರಿಸ್ತೀನಿ” ಅಂತ ಹೋಟೆಲ್ ಮಧ್ಯೆ ಎದ್ದು ನಿಂತು, ನೈಟಿ ಕೊಡವಿ ತನ್ನ ಎದೆಗೇ ಹಿಡ್ಕೊಂಡ. ಡಬ್ಬಿ ಕೆಳಗೆ ಬಿದ್ದು ಉರುಳ್ಕೊಂಡು ಟೇಬಲ್ ಕೆಳಗೆ ಹೋಯ್ತು.

ನನಗಿಂತ ಮೊದಲು ಅವನೇ ಬಗ್ಗಿ ಹಿಡ್ಕೊಂಡ. “ಇದು ಅವಳಿಗೆ ಸಿಕ್ಬಿಡ್ತಾ?” ಅಂದ. ನನಗೆ ಅರ್ಥ ಆಗಲಿಲ್ಲ. ತನ್ನ ಬ್ಯಾಗಿನ ಜಿಪ್ ಎಳೆದು, ಒಳಗೆಲ್ಲ ತಡಕಾಡಿ, ಇನ್ನೊಂದು ಡಬ್ಬಿ ತೆಗೆದ. ಅದೂ ಬಿಳಿ, ಅದಕ್ಕೂ ಲೇಬಲ್ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾ ಕೂತ.

ಆಮೇಲೆ ತಾನಾಗೇ ಹೇಳಿದ. ಹೋದ ವರ್ಷ ದೂರದ ಊರಲ್ಲಿ ಜ್ವರ ಬಂದು ಮಲಗಿದಾಗ ರಕ್ತ ನೋಡಿ ‘ಆ ಕಾಯಿಲೆ’ ಅಂತ ಹೇಳಿದರಂತೆ. ಅವತ್ತಿಂದ ಅಲ್ಲಿಯ ಆಸ್ಪತ್ರೆಯ ಮಾತ್ರೆ ನುಂಗ್ತಿದ್ದಾನೆ. “ಗೊತ್ತಾದ್ಮೇಲೆ ಅವಳ ಹತ್ರ ಹೋಗಿಲ್ಲ ಮೇಡಂ. ಸೊಂಟ ನೋವು ಅಂತ ಜಗಲೀಲಿ ಮಲಗ್ತೀನಿ. ಆದ್ರೆ ಅದಕ್ಕೆ ಮುಂಚೆನೇ ಅಂಟಿಸಿಬಿಟ್ಟಿದೀನಿ. ಅವಳೂ ಇದೇ ಮಾತ್ರೆ ನುಂಗ್ತಿದಾಳೆ, ನಂಗೆ ಹೇಳಿಲ್ಲ” ಅಂತ ನೈಟಿಯಲ್ಲಿ ಮುಖ ಮುಚ್ಕೊಂಡು ಅತ್ತ. ನೈಟಿ ಮಾರೋಳ ಹತ್ತಿರ ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂತ ಅವನಿಗೂ ಗೊತ್ತಿರಲಿಲ್ಲ.

‘ಅವಳಿಗೇನೂ ಇಲ್ಲಪ್ಪಾ’ ಅನ್ನೋ ಮಾತು ನನ್ನ ಬಾಯಿ ತನಕ ಬಂತು. ಆದರೆ ಅವಳ ಗುಟ್ಟು ಇವನಿಗೆ ಹೇಳಬಾರದು, ಇವನ ಗುಟ್ಟು ಅವಳಿಗೆ ಹೇಳಬಾರದು. ನಮ್ಮ ಕೆಲಸದ ನಿಯಮ ಅದು, ಸುಡುಗಾಡು ನಿಯಮ. ಫೋನ್ ಮಾಡಿ, ಇರೋ ಕೆಲಸ ಬಿಟ್ಟು ಬಾ ಅಂತ ಅವಳನ್ನೇ ಕರೆಸಿದೆ.

ಆಟೋದಿಂದ ಇಳಿದು ಬಂದಳು, ಕೈಯೆಲ್ಲ ಟೊಮೆಟೊ ರಸ. ಎರಡು ಡಬ್ಬಿ ನೋಡಿದಳು, ಗಂಡನ ಮುಖ ನೋಡಿದಳು.

“ನಿಂಗೂ ಬಂದ್ಬಿಡ್ತಲ್ಲೇ” ಅಂದ ಅವನು.

“ನಂಗೇನೂ ಬಂದಿಲ್ಲ ರೀ. ಬರಬಾರದು ಅಂತ ನುಂಗ್ತಿರೋದು.” ಅಷ್ಟು ಹೇಳಿ ನಿಂತಳು. “ನಿಂಗೂ ಅಂದ್ರೆ?”

ಅವನು ತಲೆ ತಗ್ಗಿಸಿದ. ಅವಳು ಮೆಲ್ಲಗೆ ಕುರ್ಚಿ ಎಳ್ಕೊಂಡು ಕೂತಳು. ನನಗೆ ಎದ್ದು ಓಡಿಹೋಗೋಣ ಅನ್ನಿಸ್ತು.

ಅಷ್ಟರಲ್ಲಿ ಹೋಟೆಲಿನವನು ಬಂದು, ಡಬ್ಬಿಗಳನ್ನ ಪಕ್ಕಕ್ಕೆ ತಳ್ಳಿ ಕಾಫಿ ಇಟ್ಟು ಹೋದ. ಈಗ ಯಾವುದು ಯಾರದು? “ಇದು ನಂದು” ಅಂದ ಅವನು. “ಅಲ್ಲ, ಅದೇ ನಂದು” ಅಂದಳು ಅವಳು. ಮುಚ್ಚಳ ತೆಗೆದ್ರೆ ಎರಡರಲ್ಲೂ ಹತ್ತಿ, ಎರಡರಲ್ಲೂ ಬಿಳಿ ಮಾತ್ರೆ. ಅವನದ್ದು ಕಾಯಿಲೆಗೆ, ಇವಳದ್ದು ಕಾಯಿಲೆ ಬರದೇ ಇರೋದಕ್ಕೆ. ಅದಲುಬದಲಾದ್ರೆ ಇಬ್ಬರಿಗೂ ಕಷ್ಟ. ಮೂವರೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋದ್ವಿ.

ಅಲ್ಲಿಯ ಸಿಸ್ಟರು ಮಾತ್ರೆ ಮೇಲಿನ ಅಚ್ಚು ನೋಡಿ ಬೇರೆ ಮಾಡಿದರು, ಲೇಬಲ್ ಕಿತ್ತಿದ್ದಕ್ಕೆ ಇಬ್ಬರಿಗೂ ಬೈದರು, ಅವಳ ಬೆರಳು ಚುಚ್ಚಿ ರಕ್ತ ತಗೊಂಡರು. ಕಾದು ಕೂತ್ವಿ. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. “ಏನೂ ಇಲ್ಲ, ಚೆನ್ನಾಗಿದೀರ” ಅಂತ ಸಿಸ್ಟರು ಅವಳಿಗೆ ಹೇಳಿದಾಗ ಅವನು ಗೋಡೆ ಬಿಟ್ಟು ಇತ್ತ ತಿರುಗಿದ.

ನಿಮ್ಮೆಜಮಾನ್ರ ಮಾತ್ರೆ ಸರಿಯಾಗಿ ಕೆಲಸ ಮಾಡ್ತಿದೆ ಅಂತ ಪರೀಕ್ಷೆಯಲ್ಲಿ ಗೊತ್ತಾದ್ರೆ ಇವರಿಂದ ನಿಮಗೆ ಅಂಟಲ್ಲ, ಆಮೇಲೆ ನೀವು ನಿಮ್ಮದನ್ನ ನಿಲ್ಲಿಸಬಹುದು, ಬೇಕಾದ್ರೆ ಮುಂದುವರಿಸಬಹುದು, ನಿಮಗೆ ಬಿಟ್ಟಿದ್ದು ಅಂತ ಸಿಸ್ಟರು ಬಿಡಿಸಿ ಹೇಳಿದರು.

ಅವನಿಗೆ ಸ್ವಲ್ಪ ಜೀವ ಬಂತು. “ನಾನು ಒಂದು ದಿನಾನೂ ತಪ್ಪಿಸಿಲ್ಲ ಕಣೇ. ನೀನು ನಿಲ್ಲಿಸ್ಬಹುದಂತೆ.”

ಅವಳು ತನ್ನ ಡಬ್ಬಿ ತಗೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನಿಂದು ನೀನು ನುಂಗು. ನಂದು ನಾನು ನುಂಗ್ತೀನಿ.” ಗಂಡನಿಗೆ ಅವಳು ‘ನೀನು’ ಅಂದದ್ದನ್ನ ನಾನು ಕೇಳಿದ್ದು ಅದೇ ಮೊದಲು.

ಅವನು ಮುದುಡಿ ಹೋಗಿದ್ದ ನೈಟಿ ನನ್ನ ಕಡೆ ಚಾಚಿದ. “ಮತ್ತೆ, ಇದು ಎಕ್ಸ್‌ಚೇಂಜ್ ಆಗುತ್ತಾ ಮೇಡಂ?”

ನಾನು ಬಾಯಿ ತೆಗೆಯೋ ಮೊದಲೇ ಅವಳು ಎದ್ದಳು.

“ಬೇಡ, ನೀನೇ ಇಟ್ಕೋ. ನಾಳೆಯಿಂದ ಅದನ್ನೇ ಹಾಕ್ಕೊಂಡು ಬೋರ್‌ವೆಲ್ ಗಾಡಿ ಹತ್ತು. ಆಗ ಯಾವಳೂ ನಿನ್ನ ಹತ್ರ ಸುಳಿಯಲ್ಲ.”